ಟರ್ಬೊ ಕಾರಿಗೆ ಎಷ್ಟು ಸಿಸಿ ಬೇಕು?

ಎಂಜಿನ್ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂಬ ಹಳೆಯ ಲೆಕ್ಕ ಟರ್ಬೊ ಬಂದ ಮೇಲೆ ಬದಲಾಯಿತು. ಆದರೆ ಸಿಸಿಗೆ ಕೆಲಸ ತಪ್ಪಲಿಲ್ಲ, ಬೇರೆ ಕೆಲಸ ಬಂತು.

1984ರಲ್ಲಿ ಫೆರಾರಿ ಕಂಪನಿ 288 ಜಿಟಿಒ ಎಂಬ ಕಾರು ತಂದಿತು. ಅದರ ವಿ8 ಎಂಜಿನ್ 2855 ಸಿಸಿ. ಕಂಪನಿಯ ಬಳಿ ಆಗಲೇ 308 ಕಾರಿನ ವಿ8 ಇತ್ತು, ಅದು 2927 ಸಿಸಿ. ಹೊಸ ಕಾರು ಹಳೆಯದಕ್ಕಿಂತ ಎಷ್ಟೋ ಪಾಲು ಬಲಶಾಲಿಯಾಗಬೇಕಿತ್ತು, ಅದಕ್ಕೆಂದೇ ಎರಡು ಟರ್ಬೊ ಕೂರಿಸಿದ್ದರು. ಆದರೂ ಎಂಜಿನಿಯರುಗಳು ಸಿಲಿಂಡರಿನ ವ್ಯಾಸವನ್ನು 81 ಮಿ.ಮೀ.ಯಿಂದ 80ಕ್ಕೆ ಇಳಿಸಿ ಎಂಜಿನ್ನನ್ನು ಚಿಕ್ಕದು ಮಾಡಿದರು. ಕಾರಣ ರೇಸಿನ ನಿಯಮದಲ್ಲಿತ್ತು. ಟರ್ಬೊ ಇರುವ ಎಂಜಿನ್ನಿನ ಸಿಸಿಯನ್ನು 1.4ರಿಂದ ಗುಣಿಸಿ, ಬಂದ ಸಂಖ್ಯೆಯನ್ನೇ ಅದರ ಅಳತೆ ಎಂದು ಹಿಡಿಯುತ್ತಿದ್ದರು. 2927ನ್ನು ಗುಣಿಸಿದರೆ 4098 ಆಗಿ 4000 ಸಿಸಿಯ ವರ್ಗ ಕೈತಪ್ಪುತ್ತಿತ್ತು. 2855ನ್ನು ಗುಣಿಸಿದರೆ 3997. ಮೂರೇ ಸಿಸಿ ಅಂತರದಲ್ಲಿ ಕಾರು ಒಳಗೆ ನಿಂತಿತು.

ಅದೇ ಕಾಲದ ಪೋರ್ಷೆ 959ರ ಎಂಜಿನ್ 2.85 ಲೀಟರ್ ಇದ್ದದ್ದೂ ಇದೇ ಗೆರೆಯೊಳಗೆ ಕೂರುತ್ತದೆ. ಲಾನ್ಸಿಯಾ ಡೆಲ್ಟಾ ಎಸ್4 ರ‍್ಯಾಲಿ ಕಾರಿನದು 1759 ಸಿಸಿ. ಗುಣಿಸಿದರೆ 2463, ಅಂದರೆ 2500ರ ವರ್ಗ. ಮುಂದೆ ಗುಣಕ 1.7ಕ್ಕೆ ಏರಿತು. ಆ ಲೆಕ್ಕದಲ್ಲಿ 4500ರ ವರ್ಗಕ್ಕೆ ಹೊಂದುವಂತೆ ನಿಸಾನ್ ಕಂಪನಿ 1989ರ ಸ್ಕೈಲೈನ್ ಜಿಟಿ-ಆರ್ ಕಾರಿಗೆ 2568 ಸಿಸಿಯ ಎಂಜಿನ್ ಕಟ್ಟಿತು. ಇವೆಲ್ಲ ಇಂದು ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ಕೊಳ್ಳುವ ಕಾರುಗಳು. ಅವುಗಳ ಸಿಸಿಯನ್ನು ಮಾತ್ರ ನಿಗದಿ ಮಾಡಿದ್ದು ಒಂದು ಗುಣಾಕಾರ.

ನಮ್ಮ ಷೋರೂಮುಗಳಲ್ಲಿ ಈ ಕೆಲಸವನ್ನು ತೆರಿಗೆ ಮಾಡುತ್ತದೆ. 4 ಮೀಟರಿಗಿಂತ ಗಿಡ್ಡ ಇರುವ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದ ಕಾರಿಗೆ ಕಡಿಮೆ ತೆರಿಗೆ ಎಂಬ ಪದ್ಧತಿ 2006ರ ಬಜೆಟ್‌ನಿಂದ ಬಂದದ್ದು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯ ನಂತರವೂ ಗೆರೆ ಅಲ್ಲೇ ಇದೆ: ಒಳಗಿದ್ದರೆ ಶೇ 18, ದಾಟಿದರೆ ಶೇ 40. ಹಾಗಾಗಿಯೇ ನಮ್ಮ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ 998, 999, 1197, 1199 ಎಂಬ ಸಂಖ್ಯೆಗಳು ಮತ್ತೆ ಮತ್ತೆ ಕಾಣುತ್ತವೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯಲ್ಲಿ ಮೊದಲು ಇದ್ದ 1197 ಸಿಸಿಯ ಟರ್ಬೊ ಎಂಜಿನ್ 105 ಅಶ್ವಶಕ್ತಿ ಕೊಡುತ್ತಿತ್ತು. 2020ರಲ್ಲಿ ಅದರ ಜಾಗಕ್ಕೆ ಬಂದ 999 ಸಿಸಿಯದು 110 ಕೊಟ್ಟಿತು. ಇನ್ನೂರು ಸಿಸಿ ಕಡಿಮೆ, ಐದು ಅಶ್ವಶಕ್ತಿ ಹೆಚ್ಚು.

ರೇಸಿನ ವರ್ಗವಾಗಲಿ ತೆರಿಗೆಯ ಗೆರೆಯಾಗಲಿ ಕಟ್ಟಿಹಾಕದವರೂ ಇದ್ದಾರೆ. ಸ್ವಂತ ದುಡ್ಡಿನಲ್ಲಿ ಒಂದು ಎಂಜಿನ್ನನ್ನು ಪೂರ್ತಿ ಬಿಚ್ಚಿ, ತಮಗೆ ಬೇಕಾದಂತೆ ಮತ್ತೆ ಕಟ್ಟುವ ಹವ್ಯಾಸಿಗಳು. ಸಿಸಿ ಎಷ್ಟಿರಬೇಕು ಎಂಬ ಪ್ರಶ್ನೆ ಅದರ ಪೂರ್ಣ ರೂಪದಲ್ಲಿ ಎದುರಾಗುವುದು ಅವರಿಗೇ. ಗ್ಯಾರೇಜಿಗೆ ಬಂದವರು ಅವರನ್ನು ಮೊದಲು ಕೇಳುವುದೂ ಅದನ್ನೇ: ‘ಅಣ್ಣಾ, ಎಷ್ಟು ಸಿಸಿ ಮಾಡಿಸಿದ್ದೀರಿ?’

ಗಾಳಿ ಎಷ್ಟು, ಶಕ್ತಿ ಅಷ್ಟು

ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇಳಿದಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗವನ್ನು ಎಲ್ಲ ಸಿಲಿಂಡರುಗಳಿಗೂ ಸೇರಿಸಿ ಲೆಕ್ಕ ಹಾಕಿದರೆ ಸಿಗುವುದೇ ಸಿಸಿ. ಸಿಲಿಂಡರಿನ ವ್ಯಾಸಕ್ಕೆ ಬೋರ್ ಎಂದೂ ಪಿಸ್ಟನ್ ಓಡುವ ದೂರಕ್ಕೆ ಸ್ಟ್ರೋಕ್ ಎಂದೂ ಹೆಸರು. ಸಿಸಿ ಹೆಚ್ಚಿಸಬೇಕೆಂದರೆ ಇವೆರಡರಲ್ಲಿ ಒಂದನ್ನಾದರೂ ಹೆಚ್ಚಿಸಬೇಕು.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ತುಂಬಿಕೊಳ್ಳುತ್ತದೆ. ಎರಡು ಲೀಟರಿನ ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ 3500 ಸಲ ತುಂಬಿತು, ಅಂದರೆ ನಿಮಿಷಕ್ಕೆ 7000 ಲೀಟರ್ ಗಾಳಿ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುವುದರಿಂದ ಒಟ್ಟು 8.4 ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ತನ್ನ ತೂಕದ 14.7 ಪಟ್ಟು ಗಾಳಿ ಬೇಕು. ಈ ಎಲ್ಲವನ್ನೂ ಕೂಡಿಸಿದರೆ ಟ್ಯೂನಿಂಗ್ ಮಾಡುವವರು ಬಳಸುವ ಒಂದು ಸರಳ ಸೂತ್ರ ಸಿಗುತ್ತದೆ: ನಿಮಿಷಕ್ಕೆ ಒಂದು ಕೆ.ಜಿ. ಗಾಳಿ ನುಂಗುವ ಎಂಜಿನ್ 20ರಿಂದ 22 ಅಶ್ವಶಕ್ತಿ ಕೊಡುತ್ತದೆ. ನಮ್ಮ ಎರಡು ಲೀಟರಿನ ಎಂಜಿನ್ನಿಗೆ ಟರ್ಬೊ ಇಲ್ಲದಿದ್ದರೆ ಅದು 180ರ ಆಸುಪಾಸು.

ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು. ಗಾಳಿಯನ್ನು ಒಳಗೆ ತರುವುದೇ ಕಷ್ಟ. ಸೇರಿಗೆ ಮಂಡಕ್ಕಿಯನ್ನು ಸುಮ್ಮನೆ ಸುರಿದರೆ ಒಂದು ತೂಕ, ಅಂಗೈಯಿಂದ ಒತ್ತಿ ಒತ್ತಿ ತುಂಬಿದರೆ ಇನ್ನೊಂದು ತೂಕ. ಸೇರು ಮಾತ್ರ ಅದೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಈ ಒತ್ತುವ ಕೆಲಸವನ್ನು ಎಂಜಿನ್ನಿನ ಹೊಗೆಯಿಂದಲೇ ಮಾಡಿಸುತ್ತದೆ. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತಳ್ಳುತ್ತದೆ.

ಒತ್ತುವುದಕ್ಕೆ ಮಿತಿ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು 1980ರ ದಶಕದ ಫಾರ್ಮುಲಾ ಒನ್ ತೋರಿಸಿತು. ಟರ್ಬೊ ಇದ್ದರೆ 1.5 ಲೀಟರ್, ಇಲ್ಲದಿದ್ದರೆ 3 ಲೀಟರ್ ಎಂಬುದು ಅಂದಿನ ನಿಯಮ. ಬಿಎಂಡಬ್ಲ್ಯು ಕಂಪನಿ ತನ್ನ ಮಾಮೂಲಿ ರಸ್ತೆ ಕಾರಿನ ಎರಕದ ಕಬ್ಬಿಣದ ಬ್ಲಾಕನ್ನೇ ಆಧಾರ ಮಾಡಿಕೊಂಡು ನಾಲ್ಕು ಸಿಲಿಂಡರಿನ 1.5 ಲೀಟರ್ ಎಂಜಿನ್ ಕಟ್ಟಿತು. 1983ರಲ್ಲಿ ಅದರ ಬಲದಿಂದ ನೆಲ್ಸನ್ ಪಿಕೆ ವಿಶ್ವ ಚಾಂಪಿಯನ್ ಆದರು. ಟರ್ಬೊ ಕಾರಿನಲ್ಲಿ ಆ ಪಟ್ಟ ಗೆದ್ದವರಲ್ಲಿ ಅವರೇ ಮೊದಲಿಗರು. 1986ರ ಹೊತ್ತಿಗೆ ಅರ್ಹತಾ ಸುತ್ತುಗಳಲ್ಲಿ ಆ ಪುಟ್ಟ ಎಂಜಿನ್ 1000 ಅಶ್ವಶಕ್ತಿಯನ್ನು ದಾಟಿತ್ತು. ಕೆಲವೇ ಸುತ್ತು ಓಡಿದ ಮೇಲೆ ಅದನ್ನು ತೆಗೆದುಹಾಕುತ್ತಿದ್ದರು ಎಂಬುದು ಬೇರೆ ಮಾತು.

34 ಮಿಲಿಮೀಟರಿನ ಪಾಠ

ಟರ್ಬೊ ಎಂಜಿನ್ನಿನ ಶಕ್ತಿಗೆ ಬೇಲಿ ಹಾಕಲು ಸಿಸಿಯ ಮಿತಿ ಸಾಲದು ಎಂದು ರೇಸು ನಡೆಸುವವರಿಗೆ ಇದರಿಂದ ತಿಳಿಯಿತು. ವಿಶ್ವ ರ‍್ಯಾಲಿಯಲ್ಲಿ 1995ರಿಂದ ಬಂದ ನಿಯಮ ನೇರವಾಗಿ ಗಾಳಿಯ ಮೇಲೆಯೇ ಕೈಯಿಟ್ಟಿತು. ಟರ್ಬೊಗೆ ಹೋಗುವ ಗಾಳಿಯೆಲ್ಲ 34 ಮಿ.ಮೀ. ವ್ಯಾಸದ ಒಂದು ಕಿರುಬಾಯಿಯ ಮೂಲಕವೇ ಹಾಯಬೇಕು. ಇದಕ್ಕೆ ರಿಸ್ಟ್ರಿಕ್ಟರ್ ಎನ್ನುತ್ತಾರೆ. ಅಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಎಷ್ಟೇ ಎಳೆದರೂ ಹೆಚ್ಚು ಬರುವುದಿಲ್ಲ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 13 ಕೆ.ಜಿ. ನಮ್ಮ ಸೂತ್ರ ಹಚ್ಚಿದರೆ 290 ಅಶ್ವಶಕ್ತಿ. ಆ ಕಾಲದ ರ‍್ಯಾಲಿ ಕಾರುಗಳೆಲ್ಲ 300ರ ಆಸುಪಾಸಿನಲ್ಲೇ ಇದ್ದದ್ದು ಇದೇ ಕಾರಣಕ್ಕೆ.

ಈ ಕಿರುಬಾಯಿಗಾಗಿ ದೊಡ್ಡ ಕಂಪನಿಯೊಂದು ಮಾನ ಕಳೆದುಕೊಂಡದ್ದೂ ಉಂಟು. 1995ರಲ್ಲಿ ಸ್ಪೇನಿನ ಕೆಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡದ ಸೆಲಿಕಾ ಕಾರುಗಳ ಟರ್ಬೊ ಬಿಚ್ಚಿ ನೋಡಿದಾಗ, ರಿಸ್ಟ್ರಿಕ್ಟರನ್ನು ಗುಟ್ಟಾಗಿ ಸರಿಸಿ ಅದರ ಪಕ್ಕದಿಂದ ಗಾಳಿ ಎಳೆಯುವ ವ್ಯವಸ್ಥೆ ಸಿಕ್ಕಿತು. ತಂಡಕ್ಕೆ ಹನ್ನೆರಡು ತಿಂಗಳ ನಿಷೇಧ ಬಿತ್ತು. ಕಳ್ಳತನ ಮಾಡಲು ಹೊರಟವರು ಸಿಸಿ ಕದಿಯಲಿಲ್ಲ, ಗಾಳಿ ಕದ್ದರು ಎಂಬುದನ್ನು ಗಮನಿಸಬೇಕು.

ಮನೆಗೆ ತರುವ ಟರ್ಬೊ ಕೂಡ ಒಂದು ಬಗೆಯ ರಿಸ್ಟ್ರಿಕ್ಟರೇ. ಅದರ ಗಾಳಿಚಕ್ರದ ಗಾತ್ರ ನೋಡಿ ನಿಮಿಷಕ್ಕೆ ಗರಿಷ್ಠ ಎಷ್ಟು ಗಾಳಿ ತಳ್ಳಬಲ್ಲದು ಎಂದು ತಯಾರಕರೇ ನಕ್ಷೆ ಕೊಡುತ್ತಾರೆ. ಆ ಮಿತಿ 23 ಕೆ.ಜಿ. ಎಂದಿದ್ದರೆ ಸುಮಾರು 500 ಅಶ್ವಶಕ್ತಿಗೆ ಅದರ ಆಟ ಮುಗಿಯಿತು. ಆ ಗಾಳಿ ಹೋಗಿ ಸೇರುವುದು 2 ಲೀಟರಿನ ಎಂಜಿನ್ನಿಗೋ 3 ಲೀಟರಿನದಕ್ಕೋ ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ. ಹಾಗಾದರೆ ಸಿಸಿ ಹೆಚ್ಚಿಸಿಕೊಳ್ಳಲು ಜನ ಯಾಕೆ ಲಕ್ಷಗಟ್ಟಲೆ ಸುರಿಯುತ್ತಾರೆ?

ಒಂದೇ ಬ್ಲಾಕ್, ಹಲವು ಸಿಸಿ

ಇದಕ್ಕೆ ಉತ್ತರ ಹುಡುಕಲು ಮಿತ್ಸುಬಿಷಿಯ 4ಜಿ63 ಎಂಬ ಎಂಜಿನ್ನಿನಷ್ಟು ಒಳ್ಳೆಯ ಉದಾಹರಣೆ ಇಲ್ಲ. 1992ರಲ್ಲಿ ಬಂದ ಮೊದಲ ಲ್ಯಾನ್ಸರ್ ಎವೊಲ್ಯೂಷನ್‌ನಿಂದ ಹಿಡಿದು ಒಂಬತ್ತನೆಯ ಎವೊಲ್ಯೂಷನ್‌ವರೆಗೆ ಎಲ್ಲಕ್ಕೂ ಇದೇ ಹೃದಯ. 1996ರಿಂದ 1999ರವರೆಗೆ ಟೊಮಿ ಮಾಕಿನೆನ್ ನಾಲ್ಕು ಸಲ ಸತತವಾಗಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದರ ಹಿಂದೆ ಕೂತು. ಬೋರ್ 85 ಮಿ.ಮೀ., ಸ್ಟ್ರೋಕ್ 88, ಒಟ್ಟು 1997 ಸಿಸಿ. ಎರಕದ ಕಬ್ಬಿಣದ ಬ್ಲಾಕ್, ಹೊಡೆತ ತಡೆಯುವ ಜಾತಿ.

ಇದೇ ಕುಟುಂಬದಲ್ಲಿ 4ಜಿ64 ಎಂಬ ಅಣ್ಣನಿದ್ದಾನೆ. ಬೋರ್ 86.5, ಸ್ಟ್ರೋಕ್ 100, ಸುಮಾರು 2.4 ಲೀಟರ್. ಪಿಸ್ಟನ್ ಓಡುವ ದೂರವನ್ನು ನಿಗದಿ ಮಾಡುವ ದಂಡಕ್ಕೆ ಕ್ರ್ಯಾಂಕ್ ಎಂದು ಹೆಸರು. ಅಣ್ಣನ ಕ್ರ್ಯಾಂಕನ್ನು ತಮ್ಮನ ಬ್ಲಾಕಿಗೆ ಕೂರಿಸಬಹುದು ಎಂಬುದೇ ಎಲ್ಲ ಆಟದ ಮೂಲ. 85ರ ಬೋರಿಗೆ 100ರ ಸ್ಟ್ರೋಕ್ ಸೇರಿದರೆ 2269 ಸಿಸಿ. ಹವ್ಯಾಸಿಗಳು ಇದನ್ನು 2.3 ಸ್ಟ್ರೋಕರ್ ಎನ್ನುತ್ತಾರೆ. ನಡುವೆ ನಿಲ್ಲಬೇಕೆನ್ನುವವರಿಗೆ 94 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಸಿಗುತ್ತದೆ, ಅದು 2.2 ಎಂಬ ಹೆಸರಿನಲ್ಲಿ ಓಡುತ್ತದೆ. ಇನ್ನು ಕೆಲವರು ತಲೆಕೆಳಗಾಗಿ ಯೋಚಿಸಿ, ಅಣ್ಣನ ಎತ್ತರದ ಬ್ಲಾಕಿಗೆ ತಮ್ಮನ 88ರ ಕ್ರ್ಯಾಂಕ್ ಹಾಕಿ 2.1 ಲೀಟರ್ ಮಾಡಿಕೊಳ್ಳುತ್ತಾರೆ.

ಈಗ ಎರಡನ್ನು ಪಕ್ಕದಲ್ಲಿಟ್ಟು ನೋಡೋಣ. 2.0 ಎಂಜಿನ್ 8000 ಸುತ್ತಿನಲ್ಲಿ ತಿರುಗುತ್ತಿದೆ, 2.3 ಎಂಜಿನ್ 7000ದಲ್ಲಿ. ನಿಮಿಷಕ್ಕೆ ನುಂಗುವ ಗಾಳಿ ಮೊದಲನೆಯದಕ್ಕೆ 7988 ಲೀಟರ್, ಎರಡನೆಯದಕ್ಕೆ 7942. ಎರಡೂ ಒಂದೇ ಎನ್ನಬಹುದು. ಪಿಸ್ಟನ್ನಿನ ಸರಾಸರಿ ವೇಗ ನೋಡಿ: ಮೊದಲನೆಯದು ಸೆಕೆಂಡಿಗೆ 23.5 ಮೀಟರ್, ಎರಡನೆಯದು 23.3. ಇದೂ ಒಂದೇ. ಇದು ಕಾಕತಾಳೀಯವಲ್ಲ. ಬೋರ್ ಬದಲಾಗದಿದ್ದಾಗ ಎಂಜಿನ್ ನುಂಗುವ ಗಾಳಿ ಪಿಸ್ಟನ್ನಿನ ವೇಗವನ್ನೇ ಅವಲಂಬಿಸಿದೆ. ಸ್ಟ್ರೋಕ್ ಉದ್ದ ಮಾಡಿ ಪಡೆದ ಸಿಸಿ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಮೇಲೆ ಎಲ್ಲೋ ಇದ್ದ ಶಕ್ತಿಯನ್ನು ಸಾವಿರ ಸುತ್ತು ಕೆಳಗಿಳಿಸಿ ಕೈಗೆ ಕೊಡುತ್ತದೆ.

ಸಾವಿರ ಸುತ್ತಿನ ಬೆಲೆ

ಕೆಳಗಿಳಿಯುವುದು ಗರಿಷ್ಠ ಶಕ್ತಿ ಮಾತ್ರವಲ್ಲ, ಟರ್ಬೊ ಎಚ್ಚರಗೊಳ್ಳುವ ಹೊತ್ತೂ ಇಳಿಯುತ್ತದೆ. ಒಂದು ಟರ್ಬೊ 2.0 ಎಂಜಿನ್ನಿನಲ್ಲಿ 4500 ಸುತ್ತಿಗೆ ಪೂರ್ತಿ ಬೂಸ್ಟ್, ಅಂದರೆ ಒತ್ತಿದ ಗಾಳಿ, ಕೊಡುತ್ತಿದೆ ಎನ್ನಿ. 2.3ರಲ್ಲಿ ಪ್ರತಿ ಸುತ್ತಿಗೂ ಶೇ 13ರಷ್ಟು ಹೆಚ್ಚು ಹೊಗೆ ಬರುವುದರಿಂದ ಅದೇ ಟರ್ಬೊ 4000ದ ಹತ್ತಿರ ಎದ್ದು ನಿಲ್ಲುತ್ತದೆ. ಬೂಸ್ಟ್ ಬರುವ ಮೊದಲಿನ ಸಪ್ಪೆ ಹೊತ್ತಿನಲ್ಲೂ ಟಾರ್ಕ್, ಅಂದರೆ ತಿರುಚುವ ಬಲ, ಅಷ್ಟೇ ಪಾಲು ಹೆಚ್ಚು. ಘಾಟಿಯ ತಿರುವಿನಲ್ಲಿ ಕಾಲಿಟ್ಟ ತಕ್ಷಣ ಕಾರು ಮುಂದೆ ನುಗ್ಗಬೇಕೆನ್ನುವವರಿಗೆ, ಲಾರಿಯನ್ನು ದಾಟಲು ಪ್ರತಿ ಸಲ ಗೇರ್ ಇಳಿಸಲು ಬೇಸರಪಡುವವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. 4500ರಿಂದ 8000ಕ್ಕೆ ಇರುವ ಅನುಪಾತವೂ 3960ರಿಂದ 7000ಕ್ಕೆ ಇರುವ ಅನುಪಾತವೂ ಒಂದೇ. ಅಂದರೆ ಗೇರ್‌ಗಳ ಹಲ್ಲಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಿದರೆ ಚಾಲಕನ ಬೆನ್ನಿಗೆ ಎರಡೂ ಕಾರು ಹೆಚ್ಚುಕಡಿಮೆ ಒಂದೇ ಥರ ತಾಗುತ್ತವೆ. ಸಿಸಿಯ ಮಹಿಮೆ ಎದ್ದು ಕಾಣುವುದು ಗೇರ್‌ಬಾಕ್ಸ್ ಕಾರ್ಖಾನೆಯಿಂದ ಬಂದದ್ದೇ ಉಳಿದಾಗ. ಐದನೆಯ ಗೇರಿನಲ್ಲಿ 3000 ಸುತ್ತಿನ ಆಸುಪಾಸಿನಲ್ಲಿ ಹೆದ್ದಾರಿಯಲ್ಲಿ ಓಡುವ ಕಾರಿಗೆ 4000ದಲ್ಲಿ ಏಳುವ ಟರ್ಬೊ ಹತ್ತಿರದ ನೆಂಟ, 4500ರದ್ದು ದೂರದವನು. ಗೇರ್‌ಬಾಕ್ಸನ್ನೂ ಬದಲಿಸುವ ರೇಸ್ ತಂಡಕ್ಕೆ ಈ ಅಂತರ ಅಷ್ಟು ಕಾಡುವುದಿಲ್ಲ.

ಲಾಭದ ಜೊತೆಗೆ ಖರ್ಚೂ ಬರುತ್ತದೆ. ಸ್ಟ್ರೋಕ್ ಉದ್ದವಾದಾಗ ಅದೇ ಎತ್ತರದ ಬ್ಲಾಕಿನಲ್ಲಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಹೆಚ್ಚು ಓರೆಯಾಗಿ ನಿಲ್ಲಬೇಕಾಗುತ್ತದೆ. 4ಜಿ63ರ ರಾಡ್ 150 ಮಿ.ಮೀ. ಸ್ಟ್ರೋಕಿಗೆ ಅದರ ಅನುಪಾತ 1.7 ಇದ್ದದ್ದು 2.3ರಲ್ಲಿ 1.5ಕ್ಕೆ ಇಳಿಯುತ್ತದೆ. ಪಿಸ್ಟನ್ ಗೋಡೆಗೆ ಹೆಚ್ಚು ಒರಗಿ ಉಜ್ಜುತ್ತದೆ. ಹಾಗಾಗಿ 2.3ನ್ನು ಜಾಣರು 7000, 7500ಕ್ಕೆ ನಿಲ್ಲಿಸುತ್ತಾರೆ. ಅದೇ 2.1ರಲ್ಲಿ ಬ್ಲಾಕ್ 6 ಮಿ.ಮೀ. ಎತ್ತರವಿರುವುದರಿಂದ 156ರ ರಾಡ್ ಕೂರುತ್ತದೆ, ಅನುಪಾತ 1.77. ಹೆಚ್ಚು ಸುತ್ತು ಬೇಕೆನ್ನುವವರು ಅದನ್ನು ಆರಿಸುವುದು ಇದಕ್ಕೇ.

ಇನ್ನೊಂದು ಖರ್ಚು ಎಂಜಿನ್ನಿನ ಹೊರಗೆ ಬೀಳುತ್ತದೆ. ಅದೇ 500 ಅಶ್ವಶಕ್ತಿಯನ್ನು 8000ದ ಬದಲು 7000ದಲ್ಲಿ ಕೊಡಬೇಕಾದರೆ ಟಾರ್ಕ್ ಶೇ 14ರಷ್ಟು ಹೆಚ್ಚಬೇಕು. ಸಿಲಿಂಡರಿನೊಳಗಿನ ಒತ್ತಡ ಹಾಗೇ ಇದ್ದರೂ ಕ್ರ್ಯಾಂಕಿನ ತೋಳು ಉದ್ದವಾದ್ದರಿಂದ ತಿರುಚುವ ಬಲ ಹೆಚ್ಚು. ಆ ಹೆಚ್ಚಿನದನ್ನೆಲ್ಲ ತಾಳಬೇಕಾದದ್ದು ಕ್ಲಚ್ಚು ಮತ್ತು ಗೇರ್‌ಬಾಕ್ಸು. ಅವುಗಳಲ್ಲಿ ಆ ತಾಳ್ಮೆ ಇದೆಯೇ ಎಂದು ಕೇಳದೆ ಸಿಸಿ ಹೆಚ್ಚಿಸಿದವರು ಎರಡನೇ ಬಿಲ್ಲಿಗೆ ಸಿದ್ಧರಿರಬೇಕು. ಸಮಾಧಾನದ ಮಾತೆಂದರೆ, ಸುತ್ತು ಕಡಿಮೆಯಾದ್ದರಿಂದ ಪಿಸ್ಟನ್ ಪ್ರತಿ ತುದಿಯಲ್ಲೂ ನಿಂತು ತಿರುಗುವಾಗ ರಾಡಿಗೆ ಬೀಳುವ ಜಗ್ಗಾಟ ಸುಮಾರು ಹತ್ತನೇ ಒಂದು ಪಾಲು ಇಳಿಯುತ್ತದೆ. ವಾಲ್ವಿನ ಸ್ಪ್ರಿಂಗುಗಳಿಗೂ ಆರಾಮ.

ಬೋರ್ ಹಿಗ್ಗಿಸಿದರೆ?

ಬೋರ್ ಹೆಚ್ಚಿಸಿ ಪಡೆದ ಸಿಸಿ ಹಾಗಲ್ಲ. ಅದು ಪಿಸ್ಟನ್ನಿನ ಅಗಲವನ್ನೇ ಹೆಚ್ಚಿಸುವುದರಿಂದ ಅದೇ ಪಿಸ್ಟನ್ ವೇಗದಲ್ಲಿ ಹೆಚ್ಚು ಗಾಳಿ ಬರುತ್ತದೆ. ಆದರೆ ಸಿಗುವುದು ಚೂರೇ ಚೂರು. 85ರ ಬೋರನ್ನು ಲೇತಿನವರ ಬಳಿ 86 ಮಾಡಿಸಿದರೆ ಸುಮಾರು 47 ಸಿಸಿ ಬಂತು, ಶೇ 2.4ರಷ್ಟು. ಅದಕ್ಕಾಗಿ ಗೋಡೆಯ ದಪ್ಪ ಕಳೆದುಕೊಳ್ಳಬೇಕು. ಟರ್ಬೊ ಎಂಜಿನ್ನಿನಲ್ಲಿ ಒಳಗಿನ ಒತ್ತಡಕ್ಕೆ ತೆಳು ಗೋಡೆ ಅದುರಿದರೆ ಪಿಸ್ಟನ್ ರಿಂಗು ಹಿಡಿತ ತಪ್ಪುತ್ತದೆ, ಹೆಡ್ ಗ್ಯಾಸ್ಕೆಟ್ ಕೂರುವ ಜಾಗವೂ ಕಿರಿದಾಗುತ್ತದೆ. ಬೋರ್ ದೊಡ್ಡದಾದಷ್ಟೂ ಬೆಂಕಿ ಅಂಚಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರೊಳಗೆ ಅಂಚಿನ ಪೆಟ್ರೋಲ್ ತಾನೇ ಸಿಡಿಯುವ, ಅಂದರೆ ನಾಕಿಂಗ್ ಆಗುವ, ಸಂಭವ ಹೆಚ್ಚುತ್ತದೆ. ಹೀಗಾಗಿ ಟರ್ಬೊ ಕಟ್ಟುವವರು ಬೋರನ್ನು ಸವೆದ ಗೋಡೆ ಸರಿಪಡಿಸಲು ಬೇಕಾದಷ್ಟೇ ಹಿಗ್ಗಿಸಿ, ಸಿಸಿಯನ್ನು ಸ್ಟ್ರೋಕಿನಲ್ಲಿ ಹುಡುಕುತ್ತಾರೆ.

ನಿಸಾನಿನ ಆರ್‌ಬಿ26 ಇದನ್ನೇ ಹೇಳುತ್ತದೆ. ಬೋರ್ 86, ಸ್ಟ್ರೋಕ್ ಬರೀ 73.7. ರೇಸಿನ ಲೆಕ್ಕಕ್ಕೆ ಕಟ್ಟಿದ ಗಿಡ್ಡ ಸ್ಟ್ರೋಕು. ರೇಸಿನಲ್ಲಿ ಅದು ಗೆದ್ದಿತು. 1991 ಮತ್ತು 1992ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್ 1000 ಓಟ ಅದರದೇ. ರಸ್ತೆಯಲ್ಲಿ ಮಾತ್ರ ಕೆಳಗಿನ ಸುತ್ತುಗಳಲ್ಲಿ ಮಂಕು ಎಂಬ ದೂರು ಉಳಿಯಿತು. ಆಸ್ಟ್ರೇಲಿಯಾದ ಹವ್ಯಾಸಿಗಳು ತಮ್ಮೂರಿನ ಹೋಲ್ಡನ್ ಕಮಡೋರ್ ಕಾರಿನಲ್ಲಿ ಬರುತ್ತಿದ್ದ ಆರ್‌ಬಿ30ರ ಬ್ಲಾಕ್ ತಂದು, ಮೇಲೆ 26ರ ಹೆಡ್ ಕೂರಿಸಿದರು. ಬೋರ್ ಅದೇ 86, ಸ್ಟ್ರೋಕ್ 85, ಹತ್ತಿರ ಹತ್ತಿರ 3 ಲೀಟರ್. ಕೊನೆಗೆ ನಿಸಾನಿನ ಸ್ವಂತ ರೇಸ್ ವಿಭಾಗ ನಿಸ್ಮೊ 2005ರಲ್ಲಿ ನಿಯಮದ ಹಂಗಿಲ್ಲದೆ ಝಡ್-ಟ್ಯೂನ್ ಎಂಬ ರಸ್ತೆ ಕಾರು ಕಟ್ಟುವಾಗ ಬೋರನ್ನು 87ಕ್ಕೆ, ಸ್ಟ್ರೋಕನ್ನು 77.7ಕ್ಕೆ ಏರಿಸಿ 2.8 ಲೀಟರ್ ಮಾಡಿ, 500 ಅಶ್ವಶಕ್ತಿ ತೆಗೆಯಿತು. ನಿಯಮ ಸಡಿಲವಾದ ಕೂಡಲೇ ಕಂಪನಿಯವರೇ ಸಿಸಿ ಹೆಚ್ಚಿಸಿಕೊಂಡರು.

ಟೊಯೊಟಾ ಸುಪ್ರಾದ 2ಜೆಝಡ್ ಎಂಜಿನ್ನಿಗೆ ಇಂಥ ಪರದಾಟವೇ ಬರಲಿಲ್ಲ. ಬೋರೂ 86, ಸ್ಟ್ರೋಕೂ 86, 2997 ಸಿಸಿ. ಅದನ್ನು ಕಟ್ಟುವ ಬಹುತೇಕರು ಸಿಸಿಯ ತಂಟೆಗೇ ಹೋಗದೆ ಪಿಸ್ಟನ್ನು, ರಾಡು, ಟರ್ಬೊ ಮಾತ್ರ ಬದಲಿಸುತ್ತಾರೆ. ಮೊದಲೇ ಸಾಕಷ್ಟಿದ್ದರೆ ಕ್ರ್ಯಾಂಕಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಬಿಸಿ, ಪೆಟ್ರೋಲು, ಬೆಂಗಳೂರಿನ ಎತ್ತರ

ಸುತ್ತಿನ ಮಿತಿಯನ್ನು ಬದಲಿಸುವಂತಿಲ್ಲ, ಎರಡೂ ಎಂಜಿನ್ 7000ಕ್ಕೇ ನಿಲ್ಲಬೇಕು ಎಂದಾದರೆ ಸಿಸಿಗೆ ಇನ್ನೊಂದು ಬಗೆಯ ಬೆಲೆ ಬರುತ್ತದೆ. 500 ಅಶ್ವಶಕ್ತಿಗೆ ಬೇಕಾದ 23 ಕೆ.ಜಿ. ಗಾಳಿಯನ್ನು 2.0 ಎಂಜಿನ್ನಿಗೆ ಹೊಂದಿಸಲು ಅದನ್ನು ಸುಮಾರು 2.7 ಪಟ್ಟು ಒತ್ತಬೇಕು, 2.3ಕ್ಕೆ 2.4 ಪಟ್ಟು ಸಾಕು. ಒತ್ತಿದ ಗಾಳಿ ಕಾಯುತ್ತದೆ. ಟರ್ಬೊದ ದಕ್ಷತೆ ಶೇ 70 ಎಂದು ಹಿಡಿದರೆ 27 ಡಿಗ್ರಿಯ ಗಾಳಿ 2.4 ಪಟ್ಟು ಒತ್ತಿದಾಗ 150 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, 2.7ಕ್ಕೆ 170ರ ಹತ್ತಿರ. ಇಂಟರ್‌ಕೂಲರ್ ಅದನ್ನು ತಣಿಸುತ್ತದೆ, ಪೂರ್ತಿಯಾಗಿ ಅಲ್ಲ. ಒತ್ತಡವೂ ಬಿಸಿಯೂ ಕೂಡಿದಾಗ ಅಂಚಿನ ಪೆಟ್ರೋಲ್ ಕಿಡಿಯ ಬೆಂಕಿ ಬಂದು ಮುಟ್ಟುವವರೆಗೆ ಕಾಯದೆ ತಾನೇ ಸ್ಫೋಟಿಸುತ್ತದೆ. ಅದೇ ನಾಕಿಂಗ್. ಟರ್ಬೊ ಎಂಜಿನ್ನಿನ ಪಿಸ್ಟನ್ ಒಡೆಯುವುದು ಬಹುಪಾಲು ಅದರಿಂದಲೇ.

ಎಷ್ಟು ಒತ್ತಬಹುದು ಎಂಬುದನ್ನು ಆದ್ದರಿಂದ ಪೆಟ್ರೋಲ್ ಬಂಕು ತೀರ್ಮಾನಿಸುತ್ತದೆ. ನಮ್ಮಲ್ಲಿ ಮಾಮೂಲಿ ಪೆಟ್ರೋಲಿಗೆ ಬಹುಕಾಲ ನಿಗದಿಯಾಗಿದ್ದ ಕನಿಷ್ಠ ಆಕ್ಟೇನ್ 91. ದುಬಾರಿಯದು 95. ದೊಡ್ಡ ನಗರಗಳ ಕೆಲವು ಬಂಕುಗಳಲ್ಲಿ 2020ರ ಕೊನೆಯಿಂದ 100 ಆಕ್ಟೇನಿನದೂ ಸಿಗುತ್ತಿದೆ. ದಿನವೂ ಅದೇ ಸಿಗುತ್ತದೆಂಬ ಖಾತ್ರಿ ಇಲ್ಲದವರು ಬೂಸ್ಟ್ ತಗ್ಗಿಸಿ ಸಿಸಿ ಹೆಚ್ಚಿಸುವುದು ಕ್ಷೇಮ. ಎಥನಾಲ್ ಬೆರಕೆ ಹೆಚ್ಚಿರುವ ಇಂಧನ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರುವುದರಿಂದ ನಾಕಿಂಗ್ ತಡೆಯುತ್ತದೆ. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಚಿಮ್ಮಿಸಬೇಕು, ದೊಡ್ಡ ಇಂಜೆಕ್ಟರೂ ಪಂಪೂ ಬೇಕು.

ಕರ್ನಾಟಕದಲ್ಲಿ ಕಾರು ಕಟ್ಟುವವರು ಮರೆಯಬಾರದ ಇನ್ನೊಂದು ಲೆಕ್ಕ ಊರಿನ ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಎಂಜಿನ್ನಿನೊಳಗೆ 2.4 ಬಾರ್ ಒತ್ತಡ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಹೊರಗಿನ ಗಾಳಿಯನ್ನು 2.4 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.6 ಪಟ್ಟಿಗೂ ಹೆಚ್ಚು ಒತ್ತಬೇಕು. ಟರ್ಬೊ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ. ಟರ್ಬೊ ಏಳುವ ಮೊದಲಂತೂ ಎಂಜಿನ್ ಹತ್ತನೇ ಒಂದು ಪಾಲು ಬಲ ಕಳೆದುಕೊಂಡೇ ಇರುತ್ತದೆ. 1900 ಮೀಟರ್ ದಾಟುವ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಈ ನಷ್ಟ ಐದನೇ ಒಂದು ಪಾಲಿನ ಹತ್ತಿರ ಹೋಗುತ್ತದೆ. ಸಮುದ್ರದಂಚಿನ ಊರಿನವರು ಬರೆದ ಸಲಹೆಯನ್ನು ಓದಿ ದೊಡ್ಡ ಟರ್ಬೊ, ಚಿಕ್ಕ ಎಂಜಿನ್ ಕಟ್ಟಿದವರಿಗೆ ಇಲ್ಲಿ ಲ್ಯಾಗ್, ಅಂದರೆ ಟರ್ಬೊ ಏಳುವ ತಡ, ಜಾಸ್ತಿ ಅನ್ನಿಸಿದರೆ ಆಶ್ಚರ್ಯವಿಲ್ಲ. ಸ್ಟ್ರೋಕರ್ ಕೊಡುವ ಶೇ 13ರ ಹೆಚ್ಚಳ ಬೆಂಗಳೂರಿನ ಎತ್ತರ ಕಸಿದದ್ದನ್ನು ತುಂಬಿಕೊಟ್ಟು ಚೂರು ಉಳಿಸುತ್ತದೆ.

ಆರ್‌ಸಿ ಏನನ್ನುತ್ತದೆ

ಕಾನೂನನ್ನು ಬಿಟ್ಟು ಈ ಲೆಕ್ಕ ಮುಗಿಯದು. ಎಂಜಿನ್ನಿನ ಸಿಸಿ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ತಯಾರಕರು ನಿಗದಿ ಮಾಡಿದ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಕ್ರ್ಯಾಂಕ್ ಬದಲಿಸಿದ್ದು ಹೊರಗಿನಿಂದ ಕಾಣದಿರಬಹುದು, ಅಪಘಾತವಾದಾಗ ವಿಮೆಯ ಸರ್ವೇಯರ್ ಮುಂದೆ ಅದು ಮುಚ್ಚಿಡುವ ಸಂಗತಿಯಾಗಿ ಉಳಿಯುವುದಿಲ್ಲ. ಇಂಥ ಎಂಜಿನ್ನುಗಳಿಗೆ ಸರಿಯಾದ ಜಾಗ ರೇಸ್ ಟ್ರ್ಯಾಕು ಮತ್ತು ಪರವಾನಗಿ ಪಡೆದ ಸ್ಪರ್ಧೆಗಳು.

ಲೆಕ್ಕ ಎಲ್ಲಿಂದ ಶುರು?

ಮೊದಲ ಪ್ರಶ್ನೆ, ಕಾರು ಓಡುವುದೆಲ್ಲಿ? ವರ್ಗಗಳಿರುವ ಸ್ಪರ್ಧೆಯಾದರೆ ಸಿಸಿಯ ಚರ್ಚೆ ಅಲ್ಲೇ ಮುಗಿಯಿತು, ನಿಯಮವೇ ಹೇಳುತ್ತದೆ. ಹಾಗೆ ಕಟ್ಟಿಹಾಕಿಕೊಂಡ ರ‍್ಯಾಲಿ ಎಂಜಿನಿಯರುಗಳು ಸಿಸಿ ಹೆಚ್ಚಿಸಲಾಗದೆ, ಚಾಲಕ ಕಾಲೆತ್ತಿದಾಗಲೂ ಹೊಗೆಕೊಳವೆಯೊಳಗೆ ಪೆಟ್ರೋಲ್ ಉರಿಸಿ ಟರ್ಬೊವನ್ನು ತಿರುಗಿಸುತ್ತಲೇ ಇಡುವ ಉಪಾಯ ಹುಡುಕಿದರು. ರ‍್ಯಾಲಿ ಕಾರುಗಳ ಪಟಾಕಿಯಂಥ ಸದ್ದು ಅದರದೇ. ಎರಡನೆಯದು, ನಿಜಕ್ಕೂ ಎಷ್ಟು ಅಶ್ವಶಕ್ತಿ ಬೇಕು? ಮೂರನೆಯದು, ಊರಿನ ಬಂಕಿನಲ್ಲಿ ಯಾವ ಪೆಟ್ರೋಲ್ ದಿನವೂ ಸಿಗುತ್ತದೆ? ಈ ಮೂರರಿಂದ ಟರ್ಬೊ ಗೊತ್ತಾಗುತ್ತದೆ. ಆಮೇಲೆ ಗೇರ್‌ಬಾಕ್ಸ್ ಎಷ್ಟು ತಾಳುತ್ತದೆ ಎಂದು ನೋಡಬೇಕು. ಸಿಸಿಯ ಸರದಿ ಇದಾದ ಮೇಲೆ.

400 ಅಶ್ವಶಕ್ತಿಯ ಒಳಗೆ ತೃಪ್ತರಾಗುವವರು ಎಂಜಿನ್ ಬಿಚ್ಚುವ ಮೊದಲು ಟರ್ಬೊಗಳ ಪಟ್ಟಿ ನೋಡುವುದು ಒಳ್ಳೆಯದು. ಬಾಲ್ ಬೇರಿಂಗಿನ, ಎರಡು ಕವಲಿನಿಂದ ಹೊಗೆ ತೆಗೆದುಕೊಳ್ಳುವ ಇಂದಿನ ಟರ್ಬೊಗಳು ಎಷ್ಟು ಬೇಗ ಏಳುತ್ತವೆಂದರೆ, ಹಿಂದೆ ಮುನ್ನೂರು ಸಿಸಿ ಸೇರಿಸಿ ಪಡೆಯುತ್ತಿದ್ದ ಪಿಕಪ್ ಬರೀ ಟರ್ಬೊ ಬದಲಿಸಿದರೆ ಸಿಗುವುದುಂಟು. ಮರ್ಸಿಡಿಸ್-ಎಎಂಜಿ ತನ್ನ ಎ45 ಎಸ್ ಕಾರಿನ 1991 ಸಿಸಿ ಎಂಜಿನ್ನಿನಿಂದ ಕಾರ್ಖಾನೆಯ ವಾರಂಟಿಯ ಸಮೇತ 421 ಅಶ್ವಶಕ್ತಿ ತೆಗೆದಿದೆ. 500ರ ಆಚೆಗೆ ಹೋಗುವವರ ಮಾತು ಬೇರೆ. ಪಿಸ್ಟನ್ನು, ರಾಡು ಹೇಗೂ ಬದಲಾಗಬೇಕು, ಬ್ಲಾಕು ಹೇಗೂ ಲೇತಿಗೆ ಹೋಗುತ್ತದೆ. ಆಗ ಉದ್ದ ಸ್ಟ್ರೋಕಿನ ಕ್ರ್ಯಾಂಕಿನ ಖರ್ಚು ಒಟ್ಟು ಬಿಲ್ಲಿನ ಒಂದು ಪಾಲು ಮಾತ್ರ. ಕಾರ್ಖಾನೆಯ ಗೇರ್‌ಬಾಕ್ಸ್, ಬಂಕಿನ ಪೆಟ್ರೋಲ್, ದಖ್ಖನ್ನಿನ ಎತ್ತರ ಇವೆಲ್ಲ ಕೂಡಿದ ಕಡೆ 2.2 ಅಥವಾ 2.3 ಸರಿಯಾದ ಆಯ್ಕೆ. ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆಂದೇ ದೊಡ್ಡ ಟರ್ಬೊ ಕೂರಿಸಿ, 9000 ಸುತ್ತು ತಿರುಗಿಸುವ ಧೈರ್ಯವೂ ವಾಲ್ವುಗಳೂ ಇರುವವರಿಗೆ 2.0 ಅಥವಾ ಉದ್ದ ರಾಡಿನ 2.1.

ಇಷ್ಟಕ್ಕೆಲ್ಲ ಉತ್ತರ ಬರೆದುಕೊಂಡ ಮೇಲೆ ಹೆಚ್ಚಿನವರ ಮುಂದೆ ಸಿಸಿಗೆ ಎರಡೇ ಆಯ್ಕೆ ಉಳಿದಿರುತ್ತದೆ. ಅಲ್ಲಿಗೆ ಬಂದು ನಿಂತವರು ಅವೆರಡರಲ್ಲಿ ಅಗ್ಗದ್ದನ್ನು ಆರಿಸಿಕೊಂಡು, ಉಳಿದ ದುಡ್ಡನ್ನು ಕ್ಲಚ್ಚಿಗೂ ಇಂಟರ್‌ಕೂಲರಿಗೂ ಹಾಕಿದರೆ ನಷ್ಟವಿಲ್ಲ.